ಇವತ್ತು ಏನು ಬಂದಿದೆ, ಶೆಟ್ರೇ?

ಸಾವನದುರ್ಗದ ಕಡೆ ಹೋಗುವವರಲ್ಲಿ ಎರಡು ಬಗೆ. ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು, ಮಾಗಡಿ ರಸ್ತೆಯಲ್ಲಿ ಎಲ್ಲೋ ತಟ್ಟೆ ಇಡ್ಲಿ ತಿಂದು, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಒಂಟಿ ಬಂಡೆಯನ್ನು ಏದುಸಿರು ಬಿಡುತ್ತಾ ಹತ್ತಿ, ಮೇಲಿನ ಬಸವನ ಮಂಟಪದ ಹತ್ತಿರ ಫೋಟೊ ತೆಗೆದು ಮಧ್ಯಾಹ್ನಕ್ಕೆ ವಾಪಸಾಗುವವರು ಒಂದು ಬಗೆ. ಕೆಳಗೇ ಉಳಿದು, ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಹಣ್ಣುಕಾಯಿ ಮಾಡಿಸಿಕೊಂಡು ಬರುವವರು ಇನ್ನೊಂದು ಬಗೆ. ನಾನು ಇವೆರಡಕ್ಕೂ ಸೇರದವಳು. ನಾನು ಹೋಗುವುದು ಚೀಲ ಹಿಡಿದುಕೊಂಡು, ಸಾಮಾನು ತರೋಕೆ.

ಅಪ್ಪನ ಊರು ಬೆಟ್ಟದ ಬುಡದಲ್ಲಿದೆ. ಅಲ್ಲಿಂದ ಮಾಗಡಿ ಪೇಟೆಗೆ ಹತ್ತಿರ ಹತ್ತಿರ 12 ಕಿಲೋಮೀಟರ್. ಪೇಟೆಯ ಒಂದು ಅಡ್ಡ ಬೀದಿಯಲ್ಲಿ ನಮ್ಮ ಮನೆಯವರು ಮೂರು ತಲೆಮಾರಿನಿಂದ ಸಾಮಾನು ತರುವ ದಿನಸಿ ಅಂಗಡಿ ಇದೆ. ಬೋರ್ಡಿನ ಬಣ್ಣ ಯಾವತ್ತೋ ಹೋಗಿದೆ. ಊರಿನವರಿಗೆಲ್ಲ ಅದು 'ಶೆಟ್ರ ಅಂಗಡಿ'. ಎರಡು ಆಳು ಕೈ ಚಾಚಿ ನಿಂತರೆ ಗೋಡೆಯಿಂದ ಗೋಡೆಗೆ ಸಿಗುವಷ್ಟು ಅಗಲ. ಮುಂದೆ ಬಾಯಿ ಬಿಚ್ಚಿದ ಗೋಣಿಚೀಲಗಳ ಸಾಲು, ಹಿಂದೆ ಮರದ ಗೂಡುಗಳು, ನಡುವೆ ಎಪ್ಪತ್ತು ದಾಟಿದ ಶೆಟ್ರು. ತಕ್ಕಡಿ ಹೋಗಿ ಡಿಜಿಟಲ್ ತೂಕದ ಯಂತ್ರ ಬಂದಿದೆ, ದುಡ್ಡು ಬಿದ್ದದ್ದನ್ನು ಕೂಗಿ ಹೇಳುವ ಡಬ್ಬಿಯೂ ಬಂದಿದೆ. ಆದರೆ ಸೇರು, ಅಚ್ಚೇರು, ಪಾವು ಮೂರೂ ಇನ್ನೂ ಕೈಗೆಟುಕುವ ಜಾಗದಲ್ಲೇ ಇವೆ. ಕಾಳು ಕೊಳ್ಳುವ ಹೆಂಗಸರಿಗೆ ಗ್ರಾಂ ಲೆಕ್ಕ ಹೇಳಿದರೆ, "ಅದೆಲ್ಲ ಬ್ಯಾಡ, ಸೇರಲ್ಲಿ ಅಳ್ದು ಹಾಕಿ" ಅಂತಾರೆ.

ಅಲ್ಲಿ ಸೋಪು, ಬಿಸ್ಕತ್ತು, ಶಾಂಪೂ ಪೊಟ್ಟಣ ಎಲ್ಲ ಇವೆ. ಅದಕ್ಕಾಗಿ 50 ಕಿಲೋಮೀಟರ್ ಯಾರು ಹೋಗ್ತಾರೆ? ನಾನು ಹೋಗುವುದು ಬೇರೆ ಸಾಮಾನಿಗೆ. ಮರಳಲ್ಲಿ ಹುರಿದು ಅರಳಿಸಿದ ರಾಗಿಯ ಹುರಿಹಿಟ್ಟು. ಚಟ್ನಿಪುಡಿಗೆ ಹುಚ್ಚೆಳ್ಳು. ಕೆಂಪು ಹುರುಳಿ. ಸಾಮೆ. ಬೀಜ ತೆಗೆದು ಉಂಡೆ ಕಟ್ಟಿದ ಹುಣಸೆಹಣ್ಣು. ಡಿಸೆಂಬರ್ ಬಂತೆಂದರೆ ಅಂಗಡಿ ಮುಂದಿನ ಅರ್ಧ ಬೀದಿಯನ್ನೇ ಹಿಡಿಯುವ ಸೊಗಡವರೆ.

ಇವೆಲ್ಲ ಆಪ್‌ನಲ್ಲೂ ಸಿಗುತ್ತವಲ್ಲ ಅಂತ ನೀವು ಕೇಳಬಹುದು. ಸಿಗುತ್ತವೆ. ನಾನೂ ತರಿಸುತ್ತೇನೆ. ಆಪ್‌ ಮಾಡುವ ಕೆಲಸವೇ ನನ್ನದು; ಅದನ್ನು ಬೈದು ಬದುಕುವ ಹಾಗಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಆಪ್‌ನಲ್ಲಿ ನಮಗೆ ಹೆಸರು ಗೊತ್ತಿರುವುದನ್ನು ಮಾತ್ರ ಹುಡುಕಬಹುದು. ಶೆಟ್ರ ಅಂಗಡಿಯಲ್ಲಿ ಹಾಗಲ್ಲ. "ಹುಣಸೆಹಣ್ಣು ಕೊಡಿ" ಅಂದರೆ ಅವರು ಪೊಟ್ಟಣ ಕಟ್ಟುವುದಿಲ್ಲ. "ಯಾತಕ್ಕೆ?" ಅಂತ ಕೇಳ್ತಾರೆ. ದಿನದ ಸಾರಿಗಾದರೆ ಹಳೇ ಹುಣಸೆ, ಗೊಜ್ಜಿಗೆ ಕೆಂಪು ಬಣ್ಣ ಬರಬೇಕಾದರೆ ಹೊಸದು. ರಾಗಿ ಅಂದರೆ "ಮುದ್ದೆಗಾ, ಮಗೀಗಾ?" ಅವರೆಕಾಳು ಅಂದರೆ "ಸಾರಿಗಾ, ಉಪ್ಪಿಟ್ಟಿಗಾ, ಹಿತುಕೋದಕ್ಕಾ?" ಹಿತುಕುವುದಕ್ಕೆ ಕಾಳು ಬಲಿತು ದಪ್ಪಗಿರಬೇಕು, ನೆನೆಸಿದ ಮೇಲೆ ಬೆರಳಲ್ಲಿ ಒತ್ತಿದರೆ ಬೇಳೆ ಪಿಚಕ್ಕೆಂದು ಹಾರಬೇಕು. ಉಪ್ಪಿಟ್ಟಿಗೆ ಎಳಸಿದ್ದರೇ ಚೆಂದ. ಒಂದು ಪ್ರಶ್ನೆ ಕೇಳಿ ಅಡುಗೆಮನೆ ಅರ್ಧ ಕಲಿಸಿಬಿಡುತ್ತಾರೆ. ಅಮ್ಮ ತೀರಿಕೊಂಡ ಮೇಲೆ ನಾನು ಅಡುಗೆ ಕಲಿತದ್ದರಲ್ಲಿ ಯೂಟ್ಯೂಬಿನ ಪಾಲು ಎಷ್ಟಿದೆಯೋ ಶೆಟ್ರ ಪಾಲೂ ಅಷ್ಟೇ ಇದೆ.

ಅವರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಜುಲೈ ತಿಂಗಳಲ್ಲೂ ಹಸಿ ಅವರೆಕಾಳು ಮನೆ ಬಾಗಿಲಿಗೆ ಬರುತ್ತದೆ. ಇದಕ್ಕೆ ಕಾರಣ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು. ಹಳೆಯ ನಾಟಿ ಅವರೆ ಹಗಲಿನ ಲೆಕ್ಕ ನೋಡುವ ಬೆಳೆ. ಹಗಲು ಕುಗ್ಗಿ ರಾತ್ರಿ ಉದ್ದವಾಗುವ ತನಕ ಅದು ಹೂ ಬಿಡುವುದಿಲ್ಲ. ಯಾವಾಗಲೇ ಬಿತ್ತಿದರೂ ಅಷ್ಟೆ, ಚಳಿಗಾಲಕ್ಕೇ ಕಾಯಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಆ ಒಂದು ಕಂಡೀಶನ್ ನಿಜವಾಗದೆ ಮುಂದಿನ ಸಾಲು ಓಡುವುದೇ ಇಲ್ಲ. ಹೊಸ ತಳಿಗಳಿಗೆ ಈ ಕಟ್ಟುಪಾಡು ಇಲ್ಲ. ನೀರಿದ್ದರೆ ವರ್ಷದಲ್ಲಿ ಯಾವಾಗ ಬೇಕಾದರೂ ಬೆಳೆಯಬಹುದು. ರೈತನಿಗೆ ಅದು ದೊಡ್ಡ ಅನುಕೂಲ. ಅದನ್ನು ಹಗುರವಾಗಿ ಮಾತಾಡುವವಳು ನಾನಲ್ಲ.

ಆದರೆ ಸೊಗಡು? ನಾಟಿ ಅವರೆಕಾಯಿಯ ಸಿಪ್ಪೆಯ ಮೇಲೆ ಒಂದು ಜಿಡ್ಡು ಇರುತ್ತದೆ. ಕಾಯಿ ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದರೂ ರಾತ್ರಿ ಮಲಗುವಾಗ ಬೆರಳಲ್ಲಿ ವಾಸನೆ ಇರುತ್ತದೆ. ಮಾಗಿ ಚಳಿಯಲ್ಲಿ, ಇಬ್ಬನಿ ಬಿದ್ದ ಬೆಳಗ್ಗೆ ಕಿತ್ತ ಕಾಯಿಗೆ ಅದು ಜಾಸ್ತಿ ಅನ್ನುವುದು ನಮ್ಮೂರಿನವರ ಮೂಗಿನ ತೀರ್ಮಾನ. ಮಾಗಡಿ ಸೀಮೆಯ ಅವರೆಕಾಯಿಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಹೆಸರು ಬಂದದ್ದು ಈ ಜಿಡ್ಡಿನಿಂದಲೇ. ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಅವರೆಬೇಳೆ ಮೇಳಕ್ಕೆ ಜನ ಮುಗಿಬೀಳುವುದೂ ಆ ಸೊಗಡಿಗಾಗಿಯೇ.

ಈ ಸೊಗಡವರೆ ಒಂಟಿಯಾಗಿ ಬೆಳೆಯುವ ಬೆಳೆಯೂ ಅಲ್ಲ. ಅಪ್ಪನ ಹೊಲದಲ್ಲಿ ಅದು ಅಕ್ಕಡಿ ಸಾಲಿನಲ್ಲಿ ಇರುತ್ತದೆ. ಎಂಟು ಹತ್ತು ಸಾಲು ರಾಗಿ, ಆಮೇಲೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ಜೊತೆಗೆ ತೊಗರಿ, ಜೋಳ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಬರುತ್ತದೆ. ಎರಡೂ ಬಂದರೆ ಮುದ್ದೆಗೂ ಆಯಿತು, ಸಾರಿಗೂ ಆಯಿತು. ಬೇರಿನಲ್ಲಿ ಸಾರಜನಕ ಹಿಡಿದಿಡುವ ಗುಣ ಇರುವುದರಿಂದ ಭೂಮಿಗೂ ಒಳ್ಳೆಯದು. ಮನೆಗೆ ಆಗಿ ಮಿಕ್ಕಿದ್ದು ಶೆಟ್ರ ಅಂಗಡಿಗೆ. ಅಂದರೆ ನಾನು ಶೆಟ್ರ ಹತ್ತಿರ ದುಡ್ಡು ಕೊಟ್ಟು ತರುವ ಅವರೆ ಎಷ್ಟೋ ಸಲ ನಮ್ಮ ಹೊಲದ್ದೇ. ಗೆಳತಿಯರಿಗೆ ಇದು ತಮಾಷೆ. "ಬೇರೆ ವ್ಯಾಪಾರ, ಬೇರೆ ಸಂಬಂಧ" ಅಂತಾನೆ ಅಪ್ಪ.

ಆ ಹೊಲದ ಮೇಲೆ ಈಗ ಕಣ್ಣು ಬಿದ್ದಿದೆ. ಮಾಗಡಿ ರಸ್ತೆಯಲ್ಲಿ ಒಮ್ಮೆ ಹೋಗಿ ಬಂದರೆ ನಿಮಗೇ ಕಾಣುತ್ತದೆ: ಬಡಾವಣೆಯ ಬಾವುಟ, ತೋಟದ ಮನೆಯ ಜಾಹೀರಾತು, ರೆಸಾರ್ಟಿನ ಕಮಾನು. ಬೆಟ್ಟ ಕಾಣುವ ಜಾಗ ಅಂದರೆ ಬೆಲೆ ಇನ್ನೊಂದು ಸುತ್ತು ಹೆಚ್ಚು. ನಮ್ಮದು ಎರಡು ಎಕರೆ ಹತ್ತು ಗುಂಟೆ. ಬೆಟ್ಟ ಚೆನ್ನಾಗಿ ಕಾಣುತ್ತದೆ. ಹೋದ ವರ್ಷ ಜೂನ್‌ನಲ್ಲಿ ಒಬ್ಬ ದಲ್ಲಾಳಿ ಮನೆಗೇ ಬಂದು ಕೂತ. "ಇಬ್ರೂ ಹೆಣ್ಮಕ್ಳು. ಒಬ್ರು ಅಮೆರಿಕಾ, ಒಬ್ರು ಬೆಂಗಳೂರು. ನಿಮಗೂ ವಯಸ್ಸಾಯ್ತು. ಯಾರು ಮಾಡ್ತಾರೆ ಗೌಡ್ರೇ?" ಅಂದ. ಮಾತು ಒರಟು, ಆದರೆ ಪ್ರಶ್ನೆ ಸುಳ್ಳಲ್ಲ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಆ ಮುಂಗಾರಿಗೆ ಪಕ್ಕದ ಹೊಲದವರಿಗೆ ವಾರಕ್ಕೆ ಕೊಟ್ಟ. ಬೀಜ ನಮ್ಮದು, ದುಡಿಮೆ ಅವರದು, ಬಂದದ್ದರಲ್ಲಿ ಸಮಪಾಲು. ಒಂದೇ ಷರತ್ತು ಹಾಕಿದ್ದು: ಅಕ್ಕಡಿ ಸಾಲು ಬಿಡಬಾರದು.

ಇದನ್ನೆಲ್ಲ ಅಕ್ಕನಿಗೆ ವಾಟ್ಸ್ಆಪ್ ಕಾಲ್‌ನಲ್ಲಿ ಹೇಳುತ್ತಿದ್ದೆ. ಅವಳಿರುವುದು ಲಾಸ್ ಏಂಜಲೀಸ್‌ಗೆ ಅಂಟಿಕೊಂಡಿರುವ ಗ್ಲೆಂಡೇಲ್‌ನಲ್ಲಿ. ಅರ್ಮೇನಿಯಾ ದೇಶದ ಮೂಲದವರು ತುಂಬ ಇರುವ ಊರು ಅದು. ಅವಳಿಗೂ ಅವರೆ ಸಿಗುತ್ತದೆ. ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ 'ಸುರ್ತಿ ಪಾಪಡಿ ಲಿಲ್ವಾ' ಅನ್ನುವ ಗುಜರಾತಿ ಹೆಸರಿನ ಪೊಟ್ಟಣ. ಅಲ್ಲಿನ ಕನ್ನಡದವರು ಸಂಕ್ರಾಂತಿಗೆ ಅದನ್ನೇ ಹಿತುಕಿ ಸಾರು ಮಾಡುತ್ತಾರೆ. ಆದರೆ ಆ ಅಂಗಡಿ ದೂರ. ಮನೆ ಹಿಂದಿನ ಬೀದಿಯಲ್ಲಿರುವುದು ಒಂದು ಪುಟ್ಟ ಅರ್ಮೇನಿಯನ್ ದಿನಸಿ ಅಂಗಡಿ. ವಾರದ ಸಾಮಾನಿಗೆ ಅವಳು ಹೋಗುವುದು ಅಲ್ಲಿಗೇ.

"ಥೇಟ್ ಶೆಟ್ರ ಅಂಗಡಿ ಕಣೇ" ಅಂತಾಳೆ. ಒಳಗೆ ಹೋದರೆ ಒಣ ಏಪ್ರಿಕಾಟ್ ರಾಶಿ. ಆ ಹಣ್ಣಿನ ವೈಜ್ಞಾನಿಕ ಹೆಸರಿನಲ್ಲೇ ಅರ್ಮೇನಿಯಾ ಇದೆ, ಪ್ರೂನಸ್ ಅರ್ಮೇನಿಯಾಕಾ. ಉಪ್ಪುನೀರಿನಲ್ಲಿ ಹಾಕಿಟ್ಟ ದ್ರಾಕ್ಷಿ ಎಲೆಯ ಜಾಡಿಗಳು. ಹಾಸಿಗೆ ಹೊದಿಕೆಯ ಹಾಗೆ ಮಡಚಿಟ್ಟ ಲವಾಶ್ ರೊಟ್ಟಿ. ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಸುಡುವ ಈ ರೊಟ್ಟಿಯನ್ನು 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಗೇ ಗೋಡೆಯ ಮೊಳೆಗೆ ನೇತುಹಾಕಿದ ಒಣ ಸೊಪ್ಪಿನ ಜಡೆಗಳು. ಹೌದು, ಜಡೆ. ಬೆಟ್ಟದಲ್ಲಿ ತಾನಾಗಿ ಬೆಳೆಯುವ ಒಂದು ಸೊಪ್ಪನ್ನು ಕಿತ್ತು, ಮೂರು ಕಾಲಿನ ಜಡೆ ಹೆಣೆದು ಒಣಗಿಸಿಡುತ್ತಾರಂತೆ. ಹೆಸರು ಅವೆಲುಕ್. "ಮೊದಲ ಸಲ ಕೇಳಿದಾಗ ಅವಲಕ್ಕಿ ಅಂದ್ಲೇನೋ ಅನ್ನಿಸ್ತು. ಖುಷಿಯಲ್ಲಿ ಎರಡು ಜಡೆ ಕೊಡಿ ಅಂದುಬಿಟ್ಟೆ" ಅಂತ ನಗ್ತಾಳೆ ಅಕ್ಕ.

ಆ ಅಂಗಡಿಯ ಅಜ್ಜಿ ಸುಮ್ಮನೆ ಕೊಡಲಿಲ್ಲ. ಅವರೂ ಕೇಳಿದ್ದು ಅದೇ: "ಯಾತಕ್ಕೆ? ಸೂಪಿಗಾ, ಸಲಾಡಿಗಾ?" ಆಮೇಲೆ ಕುದಿಸಿ ಮೊದಲ ನೀರು ಚೆಲ್ಲಬೇಕು, ಇಲ್ಲದಿದ್ದರೆ ಕಹಿ ಅಂತ ಕೈಸನ್ನೆಯಲ್ಲೇ ಹೇಳಿಕೊಟ್ಟರಂತೆ. ಅಕ್ಕ ನೀರು ಚೆಲ್ಲಿ, ತೊಗರಿಬೇಳೆ ಬೆಳ್ಳುಳ್ಳಿ ಹಾಕಿ ಮಸ್ಸೊಪ್ಪು ಮಾಡಿದಳು. ಫೋಟೊ ನೋಡಿದ ಅಪ್ಪ, "ನಮ್ಮ ಬೆರಕೆ ಸೊಪ್ಪೇ ಕಣಮ್ಮ ಅದು, ಜಡೆ ಹಾಕ್ಕಂಡದೆ ಅಷ್ಟೆ" ಅಂದ.

ಬೆಟ್ಟದಿಂದ ಕಿತ್ತು ತಂದು ಅಂಗಡಿಯಲ್ಲಿ ಮಾರುವ ಸಾಮಾನು ಅಂದಾಗ ನಮ್ಮ ಕಡೆಯ ಒಂದು ಬೇರಿನ ಕಥೆ ಹೇಳಲೇಬೇಕು.

ನನ್ನ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, 86. ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಗಾಯ ಮಾಯಿತು, ಆದರೆ ಊಟ ಬಿಟ್ಟಿತು. ತುತ್ತು ಬಾಯಿಗೆ ಹೋದರೆ ಮಣ್ಣು ತಿಂದಂಗೆ ಆಗುತ್ತೆ ಅನ್ನುವುದು ಅವಳ ದೂರು. ಡಾಕ್ಟರು ಪ್ರೋಟೀನ್ ಪುಡಿ ಬರೆದುಕೊಟ್ಟರು. ಅದನ್ನು ಹಾಲಿಗೆ ಹಾಕಿ ಕೊಟ್ಟರೆ ಅಜ್ಜಿ ತುಳಸಿ ಗಿಡಕ್ಕೆ ಸುರಿದಳು. ಡಿಸೆಂಬರ್‌ನಲ್ಲಿ ನಾನು ಊರಿಗೆ ಹೋದಾಗ ಹಾಸಿಗೆ ಪಕ್ಕ ಕೂತು ಕೇಳಿದೆ, "ಏನು ತಿನ್ನಬೇಕು ಅನ್ನಿಸುತ್ತೆ ಹೇಳಜ್ಜಿ." ತುಂಬ ಹೊತ್ತು ಯೋಚನೆ ಮಾಡಿ ಅಂದಳು, "ಮಾಕಳಿ ಬೇರಿನ ಉಪ್ಪಿನಕಾಯಿ ಒಂದು ಚೂರು ಇದ್ದಿದ್ರೆ ಮೊಸರನ್ನ ಇಳೀತಿತ್ತು ಮಗಾ."

ಮಾಕಳಿ ಬೇರು ಗೊತ್ತಿಲ್ಲದವರಿಗೆ: ಅದು ಕಲ್ಲುಬಂಡೆಗಳ ಸಂದಿಯಲ್ಲಿ ಹಬ್ಬುವ ಒಂದು ಬಳ್ಳಿಯ ಬೇರು. ಸಸ್ಯಶಾಸ್ತ್ರದಲ್ಲಿ ಡೆಕಾಲೆಪಿಸ್ ಹ್ಯಾಮಿಲ್ಟೋನಿ. ದಕ್ಷಿಣ ಭಾರತದ ಒಣ ಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಸಾವನದುರ್ಗದ ಕಾಡು ಅದರ ಮನೆಗಳಲ್ಲಿ ಒಂದು. ಬೇರನ್ನು ನೆನೆಸಿ, ಸಿಪ್ಪೆ ಕೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ಉಪ್ಪು, ಅರಿಸಿನ, ಸಾಸಿವೆ, ಖಾರ, ನಿಂಬೆರಸ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೆಲವರು ಮಜ್ಜಿಗೆಯಲ್ಲೂ ಹಾಕುತ್ತಾರೆ. ಆಂಧ್ರದ ನನ್ನಾರಿ ಶರಬತ್ತಿಗೂ ಈ ಬೇರು ಬಳಕೆಯಾಗುತ್ತದೆ. ಇದರ ಘಮ ಬರುವ ರಾಸಾಯನಿಕ ವೆನಿಲ್ಲಾದ ವೆನಿಲಿನ್‌ಗೆ ತೀರ ಹತ್ತಿರದ ನೆಂಟ. ಹಾಗಂತ ಐಸ್‌ಕ್ರೀಮ್ ನೆನಪಿಸಿಕೊಂಡು ಮೂಸಿದರೆ ಬೆಚ್ಚಿಬೀಳ್ತೀರಿ. ಅರ್ಧ ಜನ ಪರಿಮಳ ಅಂತಾರೆ, ಇನ್ನರ್ಧ ಜನ ತಿಗಣೆ ವಾಸನೆ ಅಂತಾರೆ. ನಮ್ಮ ಮನೆಯಲ್ಲೇ ಎರಡು ಪಾರ್ಟಿ ಇದೆ. ನಾನು ಅಜ್ಜಿ ಪಾರ್ಟಿ.

ಮಾರನೇ ಬೆಳಗ್ಗೆಯೇ ಗಾಡಿ ತೆಗೆದುಕೊಂಡು ಶೆಟ್ರ ಅಂಗಡಿಗೆ ಹೋದೆ. ಅಂಗಡಿ ಮುಂದೆ ಅವರೆಕಾಯಿ ಗುಡ್ಡೆ, ಸುತ್ತ ಜನ.

"ಬಾ ತಾಯಿ. ಸೊಗಡು ಹೆಂಗದೆ ನೋಡು, ಬೆಳಗಿನ ಜಾವ ಕಿತ್ತಿರೋದು" ಅಂದರು ಶೆಟ್ರು.

"ಅವರೆ ಆಮೇಲೆ ಶೆಟ್ರೇ. ಮಾಕಳಿ ಬೇರು ಬೇಕಿತ್ತು. ಅರ್ಧ ಕೆ.ಜಿ. ಸಾಕು."

ಅವರು ಈ ಸಲ "ಯಾತಕ್ಕೆ?" ಅಂತ ಕೇಳಲಿಲ್ಲ. "ಅದು ಇಡೋದು ಬಿಟ್ಟು ಬಹಳ ವರ್ಷ ಆಯ್ತು" ಅಂದರು.

"ಎಲ್ಲಾದರೂ ತರಿಸಿಕೊಡೋಕೆ ಆಗಲ್ವಾ? ದುಡ್ಡು ಎಷ್ಟಾದರೂ ಪರವಾಗಿಲ್ಲ."

"ದುಡ್ಡಿನ ಮಾತಲ್ಲ" ಅಂತ ಅವರು ಮುಂದಿನ ಗಿರಾಕಿಗೆ ಕಾಯಿ ತೂಗಿದರು. ಜನ ಕರಗುವ ತನಕ ನನ್ನನ್ನು ಒಳಗಿನ ಸ್ಟೂಲಿನ ಮೇಲೆ ಕೂರಿಸಿ, ಆಮೇಲೆ ಬಂದು ಹೇಳಿದರು. ಅವರ ಅಪ್ಪನ ಕಾಲದಲ್ಲಿ ಕಾಡಂಚಿನ ಇರುಳಿಗರು ವರ್ಷದಲ್ಲಿ ಒಂದೆರಡು ಸಲ ಬೇರು ತರುತ್ತಿದ್ದರಂತೆ, ಬದಲಿಗೆ ರಾಗಿ, ಉಪ್ಪು, ಮೆಣಸಿನಕಾಯಿ ಒಯ್ಯುತ್ತಿದ್ದರಂತೆ. "ಅವ್ರು ಅರ್ಧ ಬೇರು ತಗಂಡು ಅರ್ಧ ಬಿಟ್ಟು ಮಣ್ಣು ಮುಚ್ತಿದ್ರು. ಬಳ್ಳಿ ಮತ್ತೆ ಚಿಗುರ್ತಿತ್ತು. ಆಮೇಲೆ ಗೊತ್ತಿಲ್ದೋರು ಚೀಲಗಟ್ಟಲೆ ತಂದು ಸುರಿಯೋಕೆ ಶುರು ಮಾಡಿದ್ರು. ಬೆರಳು ಗಾತ್ರದ ಎಳೇ ಬೇರೂ ಅದ್ರಲ್ಲಿ ಇರ್ತಿತ್ತು. ನಾನು ತಗಂಡ್ರೆ ತಾನೇ ಅವ್ರು ತರೋದು? ನಿಲ್ಲಿಸ್ಬಿಟ್ಟೆ."

ಶೆಟ್ರು ಹೇಳಿದ್ದು ಅವರ ಅಂಗಡಿಯ ಅನುಭವ. ಆದರೆ ದೊಡ್ಡ ಲೆಕ್ಕವೂ ಅದನ್ನೇ ಹೇಳುತ್ತದೆ. ಮಾಕಳಿ ಬಳ್ಳಿ ಈಗ ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ಕಾರಣ ಸರಳ. ಸೊಪ್ಪು ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಹಣ್ಣು ಕಿತ್ತರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಬೇರನ್ನೇ ಪೂರ್ತಿ ಅಗೆದರೆ ಮುಗಿಯಿತು. ಸಾವನದುರ್ಗದ ಕಾಡಿನ ಒಂದು ಭಾಗವನ್ನು ಔಷಧೀಯ ಸಸ್ಯಗಳ ರಕ್ಷಣೆಗೆಂದೇ ಗುರುತಿಸಿ ಇಟ್ಟಿದ್ದಾರೆ. ಪ್ರತಿ ವಾರ ಬಂಡೆ ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ನಾನು ಅಲ್ಲಿ ಕೂತು ಫೋನ್ ತೆಗೆದೆ. ಮಾಕಳಿ ಬೇರು, ಆನ್‌ಲೈನ್. ಇತ್ತು. 'ನೇರ ಕಾಡಿನಿಂದ' ಅಂತ ದಪ್ಪ ಅಕ್ಷರದಲ್ಲಿ ಬರೆದು ಮಾರುತ್ತಿದ್ದರು. ಬುಟ್ಟಿಗೆ ಹಾಕುವ ಬಟನ್ ಹಳದಿಯಾಗಿ ಹೊಳೆಯುತ್ತಿತ್ತು. ಅಲ್ಲಿ ಯಾರೂ "ಯಾತಕ್ಕೆ?" ಅನ್ನುವುದಿಲ್ಲ, "ಇಡೋದು ಬಿಟ್ಟೆ" ಅನ್ನುವವರೂ ಇಲ್ಲ. ಒಂದು ಕಡೆ ಹಾಸಿಗೆ ಹಿಡಿದ ಅಜ್ಜಿ, ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದು ಪದಾರ್ಥ. ಇನ್ನೊಂದು ಕಡೆ ಎದುರಿಗೇ ಕೂತ, ಲಾಭ ಬಿಟ್ಟ ಮುದುಕ. ಫೋನ್ ಹಾಗೇ ಕೈಯಲ್ಲಿತ್ತು.

"ಯಾರಿಗೆ ಬೇಕಿತ್ತು?" ಅಂತ ಆಗ ಕೇಳಿದರು. ಅಜ್ಜಿಯ ವಿಷಯ ಹೇಳಿದೆ.

ಶೆಟ್ರು ಸೊಸೆಯನ್ನು ಕರೆದು ಏನೋ ಹೇಳಿದರು. ಅಂಗಡಿ ಹಿಂದೆಯೇ ಮನೆ. ಆಯಮ್ಮ ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಗೊತ್ತಾಯಿತು. ಶೆಟ್ರ ಹೆಂಡತಿ ಬದುಕಿದ್ದಾಗ ಹಾಕಿಟ್ಟ ಉಪ್ಪಿನಕಾಯಿಯಂತೆ. ಜಾಡಿಯ ತಳದಲ್ಲಿ ಇನ್ನೂ ಒಂದಿಷ್ಟು ಇತ್ತು, ಅದರಲ್ಲಿ ನಾಲ್ಕು ಚಮಚ. ನಾನು ಪರ್ಸಿಗೆ ಕೈ ಹಾಕಿದ್ದು ಕಂಡು, "ಇದು ಅಂಗಡಿ ಸಾಮಾನಲ್ಲ. ಡಬ್ಬಿ ಮಾತ್ರ ವಾಪಸ್ ತಂದುಕೊಡು" ಅಂದರು.

ಅಜ್ಜಿ ಆ ಮಧ್ಯಾಹ್ನ ಮೊಸರನ್ನಕ್ಕೆ ಒಂದು ಚೂರು ನೆಂಚಿಕೊಂಡಳು. ಕಣ್ಣು ಮುಚ್ಚಿ ಚೀಪಿದಳು. ನಾನೂ ಅಪ್ಪನೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕಣ್ಣು ಬಿಟ್ಟು, "ಉಪ್ಪು ಒಸಿ ಜಾಸ್ತಿ ಆಗದೆ" ಅಂದಳು. ಆಮೇಲೆ ತಟ್ಟೆ ಖಾಲಿ ಮಾಡಿದಳು. ಸಂಜೆ ಅದೇ ಬಾಯಲ್ಲಿ ಹಿತಕಿದ ಬೇಳೆ ಸಾರು ಕೇಳಿದಳು. ಡಬ್ಬಿ ಎರಡು ವಾರ ಬಂತು. ಅಷ್ಟರಲ್ಲಿ ಅವಳ ನಾಲಗೆ ದಾರಿಗೆ ಬಂದಿತ್ತು. ಈಗ ಪ್ರೋಟೀನ್‌ಗೆ ಅವರೆಕಾಳೇ ಸಾಕು ಅನ್ನುವುದು ಅವಳ ವಾದ. ಡಾಕ್ಟರೂ ತಕರಾರು ಮಾಡಲಿಲ್ಲ.

ಡಬ್ಬಿ ವಾಪಸ್ ಕೊಡೋಕೆ ಹೋದ ದಿನ ನನ್ನ ತಲೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಾವು ಬೆಂಗಳೂರಿನ ಜನ 'ನಾಟಿ', 'ದೇಸಿ', 'ನೇರ ಕಾಡಿನಿಂದ' ಅನ್ನುವ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಕೊಂಡರೆ ಹಳ್ಳಿಗೆ ಒಳ್ಳೆಯದು ಅಂದುಕೊಳ್ಳುತ್ತೇವೆ. ಆದರೆ ಒಂದೇ ಬೆಟ್ಟದ ಬುಡದ ಈ ಎರಡು ಸಾಮಾನುಗಳ ಲೆಕ್ಕ ತಿರುವುಮುರುವು. ಸೊಗಡವರೆ ನಾವು ಕೊಂಡರೆ ಉಳಿಯುತ್ತದೆ. ಕೊಳ್ಳುವವರಿಲ್ಲದಿದ್ದರೆ ಮುಂದಿನ ವರ್ಷ ಅದನ್ನು ಯಾರೂ ಬಿತ್ತುವುದಿಲ್ಲ, ಒಂದೆರಡು ವರ್ಷದಲ್ಲಿ ಬೀಜವೇ ಹೋಗುತ್ತದೆ. ಕಾಡಿನ ಮಾಕಳಿ ಬೇರು ನಾವು ಕೊಳ್ಳದಿದ್ದರೆ ಉಳಿಯುತ್ತದೆ. ಪರದೆಯ ಮೇಲೆ ಎರಡೂ ಪಕ್ಕಪಕ್ಕದ ಎರಡು ಫೋಟೊ ಅಷ್ಟೆ. ಈ ವ್ಯತ್ಯಾಸ ಗೊತ್ತಿದ್ದು, ಒಂದನ್ನು ಬೀದಿಗೆ ಹರಡಿ ಇನ್ನೊಂದನ್ನು ಅಂಗಡಿಯಿಂದಲೇ ತೆಗೆದವರು ಶೆಟ್ರು.

ಹಾಗಾಗಿ ಕೊಳ್ಳಬೇಕಾದದ್ದನ್ನು ಕೊಳ್ಳುವ ಕೆಲಸ ಶುರು ಮಾಡಿದೆ. ಆಫೀಸಿನ ಗ್ರೂಪಿನಲ್ಲಿ 'ಮಾಗಡಿ ಸೊಗಡವರೆ, ಸೋಮವಾರ ಬೆಳಗ್ಗೆ, ಯಾರಿಗೆ ಎಷ್ಟು?' ಅಂತ ಹಾಕಿದೆ. ಉತ್ತರ ಭಾರತದ ಇಬ್ಬರು ಸಹೋದ್ಯೋಗಿಗಳೂ ಸೇರಿ 21 ಜನ ಹೆಸರು ಕೊಟ್ಟರು. ಒಟ್ಟು 62 ಕೆ.ಜಿ. ಕಾಯಿ. ನೇರ ಹೊಲದಿಂದ ತರೋಣ ಅಂದರೆ ಅಪ್ಪ ಒಪ್ಪಲಿಲ್ಲ. "ಇಷ್ಟು ವರ್ಷ ನಮ್ಮ ಕಾಳು ಹಿಡಿದೋರು ಅವರು. ಅವರ ಅಂಗಡೀಲೇ ತೂಕ ಆಗಲಿ" ಅಂದ. ಹಾಗೇ ಆಯಿತು. ಕೆ.ಜಿ.ಗೆ 80 ರೂಪಾಯಿಯಂತೆ 4,960. ಶೆಟ್ರಿಗೆ ಕೆ.ಜಿ.ಗೆ 5 ರೂಪಾಯಿಯಂತೆ 310. ಮಿಕ್ಕ 4,650ರಲ್ಲಿ ವಾರದ ಪ್ರಕಾರ ಅರ್ಧ ಪಕ್ಕದ ಹೊಲದವರಿಗೆ. ಅಪ್ಪನ ಕೈಗೆ ಬಂದದ್ದು 2,325.

ದಲ್ಲಾಳಿ ಹೇಳಿದ ಬೆಲೆಯ ಮುಂದೆ ಈ ಅಂಕಿ ಇಡೋಕೆ ನನಗೇ ನಗು ಬರುತ್ತದೆ. 62 ಕೆ.ಜಿ. ಅವರೆಕಾಯಿ ಎರಡು ಎಕರೆ ಹತ್ತು ಗುಂಟೆಯನ್ನು ಉಳಿಸುವುದಿಲ್ಲ. ಲೆಕ್ಕ ನನಗೂ ಬರುತ್ತದೆ. ಅಜ್ಜಿಯ ಆಪರೇಷನ್ನಿನ ಬಿಲ್ಲು ಕಟ್ಟಿದವಳಿಗೆ ಜಮೀನು ಮಾರುವವರ ಕಷ್ಟವೂ ಗೊತ್ತು. ಮಾರಿದವರನ್ನು ಬೈಯುವ ಬಾಯಿ ನನ್ನದಲ್ಲ. ಯುಗಾದಿಗೆ ಅಕ್ಕ ಬರುತ್ತಾಳೆ. ಮೂವರೂ ಕೂತು ಮಾತಾಡಬೇಕು. ಅಕ್ಕನ ಮನಸ್ಸು ಇನ್ನೂ ಎರಡೂ ಕಡೆ ಇದೆ, ನನ್ನದು ಒಂದು ಕಡೆ ವಾಲಿದೆ. ಅಪ್ಪ ಮಾತ್ರ ಏನೂ ಹೇಳದೆ, ಈ ಸಲದ ಅವರೆಯಲ್ಲಿ ಚೆನ್ನಾಗಿ ಬಲಿತ ಕಾಳು ಆರಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ಹಾಕಿಟ್ಟಿದ್ದಾನೆ.

ನೀವು ಚಳಿಗಾಲದಲ್ಲಿ ಸಾವನದುರ್ಗಕ್ಕೆ ಹೋದರೆ, ಬಂಡೆ ಹತ್ತಿ ಇಳಿದ ಮೇಲೆ ಮಾಗಡಿ ಪೇಟೆಗೂ ಒಂದು ಸುತ್ತು ಬನ್ನಿ. ಶೆಟ್ರ ಅಂಗಡಿಯೇ ಆಗಬೇಕೆಂದಿಲ್ಲ, ಅಂಥವು ಇನ್ನೂ ಇವೆ. ಬಟ್ಟೆ ಚೀಲ ತಗೊಂಡು ಹೋಗಿ. ಪಟ್ಟಿ ಬರೆದುಕೊಂಡು ಹೋಗಬೇಡಿ. "ಇವತ್ತು ಏನು ಬಂದಿದೆ?" ಅಂತ ಕೇಳಿ. ಯಾತಕ್ಕೆ ಅಂತ ತಿರುಗಿ ಕೇಳಿದರೆ ನಾಚಿಕೆ ಬಿಟ್ಟು ಹೇಳಿ, ಗೊತ್ತಿಲ್ಲ ಅಂದರೂ ನಡೆಯುತ್ತದೆ. ಅವರೆಕಾಯಿಯನ್ನು ಮೂಸಿ ನೋಡಿ ಕೊಳ್ಳಿ, ಬೆರಳಿಗೆ ಜಿಡ್ಡು ಹತ್ತಬೇಕು. ಹುಚ್ಚೆಳ್ಳು ಒಂದು ಪಾವಾದರೂ ತನ್ನಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಹುರಿದು ಕುಟ್ಟಿದರೆ ಒಂದು ತಿಂಗಳ ಚಟ್ನಿಪುಡಿ. ಕಾಡಿನ ಬೇರು ಯಾರಾದರೂ ಗುಟ್ಟಾಗಿ ತೋರಿಸಿದರೆ ಬೇಡ ಅನ್ನಿ. ಹೊಲದಲ್ಲಿ ಬೆಳೆದ ಮಾಕಳಿ ಸಿಕ್ಕರೆ ಮಾತು ಬೇರೆ, ಅದನ್ನು ಧಾರಾಳವಾಗಿ ಕೊಳ್ಳಿ.

ಮೊನ್ನೆ ಶನಿವಾರ ಹುರಿಹಿಟ್ಟಿಗೆ ಹೋಗಿದ್ದೆ. ಅವರೆ ಕಾಲ ಮುಗಿದು ಅಂಗಡಿ ಮುಂದಿನ ಬೀದಿ ಖಾಲಿ. ಶೆಟ್ರು ಹಿಟ್ಟು ಕಟ್ಟಿಕೊಟ್ಟು, ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತಿರುಗಿಸಿ ಕನ್ನಡಕ ಸರಿ ಮಾಡಿಕೊಂಡರು.

"ನಿಮ್ಮಪ್ಪನ ಬಿತ್ತನೆ ಅವರೆ ಈ ಸಲ ಐದು ಜನ ಕೇಳವ್ರೆ. ಜೂನಿಗೆ ಎಷ್ಟು ಸೇರು ಕೊಡ್ತಾನೆ ಅಂತ ಕೇಳಿ ಹೇಳು ತಾಯಿ."

ಕೇಳ್ತೀನಿ ಅಂದೆ.